ಬ್ಯಾರೆಟ್‌ಗೋಸ್ಕರ ಮೊದಲಿಂದ ಆಡಬೇಡಿ

ಡೇಯಸ್ ಎಕ್ಸ್: ಹ್ಯೂಮನ್ ರೆವಲ್ಯೂಷನ್ ವಿಡಿಯೋ ಗೇಮ್‌ನಲ್ಲಿ ಕದ್ದುಮುಚ್ಚಿಯೇ ಆಡುತ್ತಾ ಬಂದು ಮೊದಲ ಬಾಸ್, ಅಂದರೆ ದೊಡ್ಡ ಶತ್ರು ಬ್ಯಾರೆಟ್ ಎದುರು ಸಿಕ್ಕಿಹಾಕಿಕೊಂಡಿದ್ದೀರಿ, ಹೊಸದಾಗಿ ಶುರು ಮಾಡಿ ಗನ್ ಹಿಡಿಯಲಾ ಅಂತ ಕೇಳಿದ್ದೀರಿ. ಬೇಡವೇ ಬೇಡ.

ತಪ್ಪು ನಿಮ್ಮದಲ್ಲ. 2011ರ ಮೂಲ ಆಟದಲ್ಲಿ ಬಾಸ್‌ಗಳ ಜೊತೆ ಹೊಡೆದಾಡದೆ ಬೇರೆ ದಾರಿಯೇ ಇರಲಿಲ್ಲ. 2013ರ ಡೈರೆಕ್ಟರ್ಸ್ ಕಟ್ ಎಂಬ ಪರಿಷ್ಕೃತ ಆವೃತ್ತಿಯಲ್ಲಿ ಅದನ್ನು ಸರಿಮಾಡಿದರು. ನಿಮ್ಮದು ಹಳೆಯದಾದರೆ ಕರೆಂಟ್ ಹೊಡೆಸುವ ಸ್ಟನ್ ಗನ್ ಹುಡುಕಿ. ಒಂದು ಏಟಿಗೆ ಆಸಾಮಿ ನಡುಗುತ್ತಾ ನಿಂತುಬಿಡುತ್ತಾನೆ. ಆಗ ಅಲ್ಲೇ ಬಿದ್ದಿರುವ ಸಿಡಿಯುವ ಡ್ರಮ್ ಎತ್ತಿ ಮುಖಕ್ಕೇ ಎಸೆಯಿರಿ. ಮತ್ತೆ ಸ್ಟನ್, ಮತ್ತೆ ಡ್ರಮ್. ನಾನು ಮಾತ್ರ ಮೊದಲ ಸಲ ಪಿಸ್ತೂಲು ಹಿಡಿದು ಸುಮ್ನೆ ಕಂಬ ಸುತ್ತಿದ್ದೇ ಬಂತು!

ಇನ್ನು ಲಾಭದ ಲೆಕ್ಕ ನೋಡಿದರೂ ಕಳ್ಳಹೆಜ್ಜೆಯೇ ಜಾಸ್ತಿ. ಯಾರ ಕಣ್ಣಿಗೂ ಬೀಳದೆ ಗುರಿ ಮುಟ್ಟಿದರೆ ಘೋಸ್ಟ್ ಬೋನಸ್ ಅಂತ 500 ಅನುಭವದ ಅಂಕ (XP), ಅಲಾರಂ ಹೊಡೆಯದಿದ್ದರೆ ಇನ್ನೂ 250. ಗುಂಡು ಹಾರಿಸಿ ಅಷ್ಟು ಗಳಿಸುವುದು ಕಷ್ಟ, ಅಲ್ವಾ? ಆದರೆ ಪ್ರಜ್ಞೆ ತಪ್ಪಿಸಿದವರನ್ನು ಮೂಲೆಗೆ ಎಳೆದು ಹಾಕಿ. ಜೊತೆಗಾರ ನೋಡಿದರೆ ತಟ್ಟಿ ಎಬ್ಬಿಸುತ್ತಾನೆ.

ಮುಂದಿನ ಬಾಸ್‌ಗಳಿಗೆ ಈಗಲೇ ಪ್ರಾಕ್ಸಿಸ್ (ಹೊಸ ಶಕ್ತಿ ಪಡೆಯುವ ಅಂಕ) ಕೂಡಿಟ್ಟು, ಸುತ್ತಲೂ ಸ್ಫೋಟಕ ಚಿಮ್ಮಿಸುವ ಟೈಫೂನ್ ಹಾಕಿಸಿಕೊಳ್ಳಿ. ಹತ್ತಿರ ಹೋಗಿ ಎರಡು ಮೂರು ಸಲ ಸಿಡಿಸಿದರೆ ಕೆಲಸ ಮುಗಿಯಿತು.