ಸ್ಟೀಲ್ ಚಮಚದ ಸುತ್ತ ನೀರು ಹಳದಿಯಾದದ್ದೇಕೆ?

ಪ್ರಶ್ನೆ: ನಾನು ಮಂಡ್ಯ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ. ವಸ್ತುಪ್ರದರ್ಶನಕ್ಕೆಂದು ನಮ್ಮ ಮಕ್ಕಳು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಎರಡು ಸ್ಟೀಲ್ ಚಮಚ ಇಳಿಬಿಟ್ಟು ನೀರನ್ನು ವಿಭಜಿಸಿದರು. 1.23 ವೋಲ್ಟ್ ಸಾಕು ಎಂದು ಪುಸ್ತಕದಲ್ಲಿದೆ. ಆದರೆ 1.5 ವೋಲ್ಟಿನ ಸೆಲ್ ಜೋಡಿಸಿದಾಗ ಗುಳ್ಳೆಗಳೇ ಕಾಣಲಿಲ್ಲ. 12 ವೋಲ್ಟಿನ ಅಡಾಪ್ಟರ್ ಜೋಡಿಸಿದಾಗ ಗುಳ್ಳೆ ಜೋರಾಗಿ ಬಂತು, ಸ್ವಲ್ಪ ಹೊತ್ತಿಗೆ ಪಾಸಿಟಿವ್ ಕಡೆಯ ಚಮಚದ ಸುತ್ತ ನೀರು ಹಳದಿಯಾಯಿತು. ಪ್ಲಾಟಿನಂ ಬಳಸಿದ್ದರೆ ಈ ಎರಡೂ ತೊಂದರೆ ತಪ್ಪುತ್ತಿದ್ದವೇ?

ಉತ್ತರ (ರಸಾಯನಶಾಸ್ತ್ರದ ನಿವೃತ್ತ ಪ್ರಾಧ್ಯಾಪಕರು, ಮೈಸೂರು): ಮೊದಲು ಆ ಹಳದಿ ನೀರಿನ ಮಾತು. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಕ್ಷಾರದಲ್ಲಿ, ಆಮ್ಲಜನಕ ಹೊಮ್ಮುವ ಕಡೆ, ಕ್ರೋಮೇಟ್ ಆಗಿ ಕರಗುತ್ತದೆ. ನೀವು ಕಂಡ ಬಣ್ಣ ಬಹುಮಟ್ಟಿಗೆ ಅದರದೇ. ಇದು ಕ್ಯಾನ್ಸರ್ ತರಬಲ್ಲ ವಿಷ. ದಯವಿಟ್ಟು ಆ ದ್ರಾವಣವನ್ನು ಸಿಂಕಿಗೂ ನಾಲೆಗೂ ಚೆಲ್ಲಬೇಡಿ. ಕೈಗವಸು ತೊಟ್ಟು, ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಹೆಸರು ಬರೆದು, ಹತ್ತಿರದ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಒಪ್ಪಿಸಿ. ಕೆಲವರು ಕಾಸ್ಟಿಕ್ ಸೋಡಾ ಬದಲು ಅಡುಗೆ ಉಪ್ಪು ಹಾಕುತ್ತಾರೆ. ಅದಂತೂ ಬೇಡವೇ ಬೇಡ, ಕ್ಲೋರಿನ್ ಅನಿಲವೂ ಜೊತೆಗೂಡುತ್ತದೆ.

ಇನ್ನು ವೋಲ್ಟೇಜ್. ಪುಸ್ತಕದ 1.23 ಸರಿಯಾದ ಅಂಕಿಯೇ, ಆದರೆ ಅದು ಕನಿಷ್ಠ ಮಿತಿ ಮಾತ್ರ. ಜಲಜನಕದ ಕಡೆಯ ಕೆಲಸ ಎರಡು ಎಲೆಕ್ಟ್ರಾನ್‌ಗಳಲ್ಲಿ ಮುಗಿಯುತ್ತದೆ. ಆಮ್ಲಜನಕದ ಒಂದು ಅಣು ಹುಟ್ಟಲು ನಾಲ್ಕು ಎಲೆಕ್ಟ್ರಾನ್‌ಗಳು ಒಂದರ ಹಿಂದೊಂದು ಬಿಟ್ಟುಹೋಗಬೇಕು. ಹೈಡ್ರಾಕ್ಸೈಡ್ ಅಯಾನು ಲೋಹದ ಮೈಗೆ ಅಂಟುತ್ತದೆ, ತನ್ನ ಹೈಡ್ರೋಜನ್ ಕಳೆದುಕೊಂಡು ಬರಿಯ ಆಕ್ಸಿಜನ್ ಪರಮಾಣುವಾಗಿ ಉಳಿಯುತ್ತದೆ, ಅದಕ್ಕೆ ಇನ್ನೊಂದು ಹೈಡ್ರಾಕ್ಸೈಡ್ ಬಂದು ಸೇರುತ್ತದೆ, ಕೊನೆಗೆ ಎರಡು ಆಕ್ಸಿಜನ್ ಪರಮಾಣುಗಳು ಜೋಡಿಯಾಗಿ ಹಾರಿಹೋಗುತ್ತವೆ. ಲೋಹವು ಮೊದಲ ಹೈಡ್ರಾಕ್ಸೈಡನ್ನು ಬಿಗಿಯಾಗಿ ಹಿಡಿದರೆ ಮುಂದಿನ ಹೆಜ್ಜೆ ಕಷ್ಟ, ಸಡಿಲವಾಗಿ ಹಿಡಿದರೆ ಮೊದಲ ಹೆಜ್ಜೆಯೇ ಕಷ್ಟ. ಮೊದಲ ಹಂತದ (OH) ಮತ್ತು ಮೂರನೆಯ ಹಂತದ (OOH) ತುಣುಕುಗಳೆರಡೂ ಆಕ್ಸಿಜನ್ ತುದಿಯಿಂದಲೇ ಅಂಟುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹೊಂದಿಸಲು ಆಗುವುದಿಲ್ಲ. ಅವೆರಡರ ನಡುವೆ ಎರಡು ಹೆಜ್ಜೆಗಳಿವೆ, ಹಾಗಾಗಿ ಶಕ್ತಿಯ ಅಂತರ 1.23ರ ಎರಡರಷ್ಟು, ಅಂದರೆ 2.46 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಇರಬೇಕಾದಲ್ಲಿ ಹೆಚ್ಚುಕಡಿಮೆ ಎಲ್ಲ ಲೋಹ, ಆಕ್ಸೈಡ್‌ಗಳಲ್ಲೂ 3.2ರ ಆಸುಪಾಸಿನಲ್ಲಿದೆ. ಹೆಚ್ಚಾದ ಭಾಗವನ್ನು ಆ ಎರಡು ಹೆಜ್ಜೆಗಳಿಗೆ ಹಂಚಿದರೆ ಸುಮಾರು 0.37 ವೋಲ್ಟ್ ಹೆಚ್ಚುವರಿ ದಂಡ ತೆರಲೇಬೇಕು. ಇದರ ಮೇಲೆ ಜಲಜನಕದ ಕಡೆಯ ನಷ್ಟ, ದ್ರಾವಣದ ರೋಧವೂ ಸೇರುತ್ತವೆ. ನಿಮ್ಮ 1.5 ವೋಲ್ಟಿನ ಸೆಲ್ ಸೋತದ್ದು ಇಲ್ಲಿ.

ಪ್ಲಾಟಿನಂ ಇದ್ದಿದ್ದರೆ ಹಳದಿ ಬಣ್ಣ ಬರುತ್ತಿರಲಿಲ್ಲ, ದಂಡವಂತೂ ತಪ್ಪುತ್ತಿರಲಿಲ್ಲ. ಜಲಜನಕ ಬಿಡಿಸುವುದರಲ್ಲಿ ಪ್ಲಾಟಿನಂಗೆ ಸಾಟಿಯಿಲ್ಲ. ಆದರೆ ಆಮ್ಲಜನಕದ ಕಡೆ ಅದರ ಮೇಲೆ ಆಕ್ಸೈಡ್ ಪದರ ಕಟ್ಟಿ ಕೆಲಸ ಕುಂಟುತ್ತದೆ. ಆಮ್ಲ ದ್ರಾವಣದಲ್ಲಿ ಇರಿಡಿಯಂ ಆಕ್ಸೈಡ್ ಬೇಕಾಗುತ್ತದೆ, ಇಡೀ ಜಗತ್ತಿನಲ್ಲಿ ಇರಿಡಿಯಂ ಸಿಗುವುದು ವರ್ಷಕ್ಕೆ ಹತ್ತು ಟನ್ನಿಗಿಂತ ಕಡಿಮೆ. ಕ್ಷಾರದ ದೊಡ್ಡ ಅನುಕೂಲವೆಂದರೆ ಅಲ್ಲಿ ಅಗ್ಗದ ನಿಕಲ್ ಕರಗದೆ ಬಾಳುತ್ತದೆ. ಕಾರ್ಖಾನೆಗಳಲ್ಲಿ ಶೇ 25–30ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ, 70–90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ನಿಕಲ್ ಎಲೆಕ್ಟ್ರೋಡುಗಳೇ ದುಡಿಯುತ್ತವೆ.

ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಸಂಗತಿ ಇನ್ನು ಮುಂದಿನದು. ನಿಕಲ್ ಎಲೆಕ್ಟ್ರೋಡು ಬಳಸಿದಷ್ಟೂ ಚುರುಕಾಗುತ್ತದೆ ಎಂದು ದಶಕಗಳ ಕಾಲ ನಂಬಿದ್ದರು, ಹಳತಾಗುತ್ತ ನಿಕಲ್ ಆಕ್ಸೈಡ್‌ನ ರಚನೆ ಬದಲಾಗುವುದೇ ಕಾರಣ ಎಂದುಕೊಂಡಿದ್ದರು. ದ್ರಾವಣದಲ್ಲಿ ಕಲಬೆರಕೆಯಾಗಿರುವ ಅತ್ಯಲ್ಪ ಕಬ್ಬಿಣವೇ ಆಮ್ಲಜನಕದ ಬಿಡುಗಡೆಯನ್ನು ಚುರುಕುಗೊಳಿಸುತ್ತದೆ ಎಂದು 1987ರಲ್ಲಿ ವಿಜ್ಞಾನಿ ಡೆನ್ನಿಸ್ ಕಾರಿಗನ್ ತೋರಿಸಿದರು. 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ತಂಡ ಕ್ಷಾರದಿಂದ ಕಬ್ಬಿಣವನ್ನು ಶುದ್ಧವಾಗಿ ತೆಗೆದು ನೋಡಿತು, ನಿಕಲ್ ತೀರ ಮಂಕಾಗಿತ್ತು. ನಿಕಲ್ ಬ್ಯಾಟರಿ ತಯಾರಕರಿಗೆ ಇದೇ ಕಬ್ಬಿಣ ಶತ್ರು, ಏಕೆಂದರೆ ಚಾರ್ಜ್ ಆಗಬೇಕಾದ ವಿದ್ಯುತ್ತು ಆಮ್ಲಜನಕವಾಗಿ ಪೋಲಾಗುತ್ತದೆ. ಒಬ್ಬರ ಕಸ ಇನ್ನೊಬ್ಬರ ವೇಗವರ್ಧಕ. ನಿಕಲ್-ಕಬ್ಬಿಣದ ಹೈಡ್ರಾಕ್ಸೈಡ್ ಪದರಗಳು ಇಂದು ಕ್ಷಾರದಲ್ಲಿ ಆಮ್ಲಜನಕ ಬಿಡಿಸುವ ಅತ್ಯುತ್ತಮ ವೇಗವರ್ಧಕಗಳ ಸಾಲಿನಲ್ಲಿವೆ.

ಇದರ ಹಿಮ್ಮುಖ ಕ್ರಿಯೆಯನ್ನೂ ಮಕ್ಕಳಿಗೆ ತೋರಿಸಬಹುದು. ಶ್ರವಣಯಂತ್ರದ ಸತು-ಗಾಳಿ ಬ್ಯಾಟರಿಯ ಸ್ಟಿಕ್ಕರ್ ಕಿತ್ತರೆ ಗಾಳಿಯ ಆಮ್ಲಜನಕ ಒಳಗೆ ಹೋಗಿ ಹೈಡ್ರಾಕ್ಸೈಡ್ ಆಗುತ್ತದೆ. ಕ್ಷಾರದಲ್ಲಿ ಈ ಕೆಲಸಕ್ಕೆ ಮ್ಯಾಂಗನೀಸ್ ಆಕ್ಸೈಡ್, ಬೆಳ್ಳಿ ಸಾಕು.

ಮುಂದಿನ ಪ್ರಯೋಗಕ್ಕೆ ಸ್ಟೀಲ್ ಬಿಡಿ. ಅಲ್ಯೂಮಿನಿಯಂ ಕಾಸ್ಟಿಕ್‌ನಲ್ಲಿ ತಾನೇ ಕರಗುತ್ತದೆ, ಪೆನ್ಸಿಲ್ ಕಡ್ಡಿ ಪಾಸಿಟಿವ್ ಕಡೆ ಪುಡಿಯಾಗುತ್ತದೆ. ನಿಕಲ್ ಪಟ್ಟಿಗಳನ್ನೇ ತರಿಸಿ. ಶೇ 4ರ ಕಾಸ್ಟಿಕ್ ಸೋಡಾ ದ್ರಾವಣ ಸಾಕು. ಕನ್ನಡಕ, ಕೈಗವಸು ಕಡ್ಡಾಯ. ಪಾತ್ರೆ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಮೊದಲು ಹೊಸ ಪಟ್ಟಿಗಳನ್ನು ಹಾಗೆಯೇ ಜೋಡಿಸಿ, 1.8 ವೋಲ್ಟ್‌ನಲ್ಲಿ ಮಲ್ಟಿಮೀಟರ್ ತೋರಿಸುವ ಕರೆಂಟನ್ನು ಮಕ್ಕಳು ಬರೆದುಕೊಳ್ಳಲಿ. ಬಳಿಕ ಪಾಸಿಟಿವ್ ಕಡೆಯ ಪಟ್ಟಿಯನ್ನು ತೆಳು ಅನ್ನಭೇದಿ (ಕಬ್ಬಿಣದ ಸಲ್ಫೇಟ್) ದ್ರಾವಣದಲ್ಲಿ ಕೆಲವು ನಿಮಿಷ ನೆನೆಸಿ, ತೊಳೆದು, ಅದೇ ವೋಲ್ಟೇಜಿನಲ್ಲಿ ಮತ್ತೆ ಅಳೆಯಲಿ. ಅಂಗಡಿಯ ಕಾಸ್ಟಿಕ್‌ನಲ್ಲೇ ಒಂದಿಷ್ಟು ಕಬ್ಬಿಣ ಇರುವುದರಿಂದ ವ್ಯತ್ಯಾಸ ಸಣ್ಣದಾಗಿ ಕಾಣಬಹುದು. ಹಾಗಾದರೆ ಮಾರನೆಯ ದಿನ ಇನ್ನೊಂದು ಹೊಸ ಪಟ್ಟಿ, ಹೊಸದಾಗಿ ಕಲಸಿದ ದ್ರಾವಣದೊಂದಿಗೆ ಅಳತೆಯನ್ನು ಮೊದಲಿನಿಂದ ಮಾಡಿಸಿ.