ಸ್ಪೋರ್ಟ್ಸ್ ಕಾರಿಗೆ 20 ಇಂಚಿನ ಚಕ್ರ ಹಾಕಿಸಿದರೆ ಏನು ತೊಂದರೆ?

ನೀವು ಬರೆದಿರುವುದು ಇಷ್ಟು: ಊರು ಮಂಡ್ಯ, ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕ್ವಾಟ್ರೊ ಕೊಂಡಿದ್ದೀರಿ, ಅದರ 18 ಇಂಚಿನ ಚಕ್ರ ನಿಮಗೆ ಚಿಕ್ಕದಾಗಿ ಕಾಣುತ್ತಿದೆ, 20 ಇಂಚಿನ ಅಲಾಯ್ ಹಾಕಿಸುವ ಆಸೆ. ನಾನು ಮೈಸೂರಿನಲ್ಲಿ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಕೆಲಸ ಮಾಡುವವನು. ಅಂಥ ಚಕ್ರ ಮಾರಿದರೆ ನನಗೆ ನಾಲ್ಕು ಕಾಸು ಬರುತ್ತದೆ. ಆದರೂ ನನ್ನನ್ನು ಕೇಳಿದರೆ, ಬೇಡ.

ಮೊದಲು ಲೆಕ್ಕ ನೋಡೋಣ. ಈಗಿರುವ ಟೈರ್ 245/40 ಆರ್18 ಎಂದಿದ್ದೀರಿ. ಅಗಲ 245 ಮಿ.ಮೀ.; ರಿಮ್ಮಿನಿಂದಾಚೆ ರಬ್ಬರಿನ ಎತ್ತರ ಅದರ ಶೇ 40, ಎಂದರೆ 98 ಮಿ.ಮೀ. 20 ಇಂಚಿಗೆ ಹೊಂದುವ ಅಳತೆ 255/30 ಆರ್20. ಅದರಲ್ಲಿ ರಬ್ಬರಿನ ಎತ್ತರ 76.5 ಮಿ.ಮೀ. ಮಾತ್ರ. ಚಕ್ರದ ಒಟ್ಟು ವ್ಯಾಸ 653ರಿಂದ 661ಕ್ಕೆ ಏರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನೀವು ಕಳೆದುಕೊಳ್ಳುವುದು ಎರಡು ಸೆಂಟಿಮೀಟರ್‌ಗೂ ಮಿಕ್ಕಿದ ರಬ್ಬರನ್ನು ಮತ್ತು ಅದರೊಳಗಿನ ಗಾಳಿಯನ್ನು. ಗುಂಡಿಯ ಮೊದಲ ಹೊಡೆತವನ್ನು ತಿನ್ನುವುದು ಅದೇ. ಅದು ತಿನ್ನದಿದ್ದರೆ ರಿಮ್ಮು ತಿನ್ನುತ್ತದೆ, ಆಮೇಲೆ ಬುಷ್ಷು, ಬೇರಿಂಗು.

ಬೆಂಗಳೂರು-ಮೈಸೂರು ದಶಪಥದ ಮೇಲೆ ಓಡಿಸುವಷ್ಟು ಹೊತ್ತು ನಿಮಗೆ ಇದ್ಯಾವುದೂ ಗೊತ್ತಾಗುವುದಿಲ್ಲ. ಕಾರು ನೆಲ ಕಚ್ಚಿದಂತೆ ಹೋಗುತ್ತದೆ, ಸ್ಟಿಯರಿಂಗ್ ಇನ್ನಷ್ಟು ಚುರುಕಾಯಿತು ಎನಿಸುತ್ತದೆ. ಅದು ಸುಳ್ಳೂ ಅಲ್ಲ; ಟೈರಿನ ಪಕ್ಕದ ಗೋಡೆ, ಎಂದರೆ ಸೈಡ್‌ವಾಲ್, ಗಿಡ್ಡವಿದ್ದರೆ ಕಡಿಮೆ ಬಾಗುತ್ತದೆ. ಸರ್ವಿಸ್ ರಸ್ತೆಗೆ ಇಳಿದಾಗ ಕತೆ ಬೇರೆ. ಬಣ್ಣ ಬಳಿಯದ ಹಂಪ್‌ಗಳು, ಡಾಂಬರು ಕಿತ್ತುಹೋದ ಅಂಚುಗಳು. ಪಾಂಡವಪುರದ ಕಡೆ ಕಬ್ಬು ಅರೆಯುವ ಕಾಲದಲ್ಲಿ ಟ್ರ್ಯಾಕ್ಟರ್‌ನ ಹಿಂದೆ ಸಿಕ್ಕಿಕೊಂಡರೆ ಮುಂದಿನ ಗುಂಡಿ ಕಾಣುವುದು ಚಕ್ರ ಅದರೊಳಗೆ ಬಿದ್ದ ಮೇಲೆಯೇ.

ಇಂಥ ಚಕ್ರವೊಂದು ಇತ್ತೀಚೆಗೆ ನಮ್ಮಲ್ಲಿಗೆ ಬಂದಿತ್ತು. 80 ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ, ಬ್ಯಾಲೆನ್ಸಿಂಗ್ ಮಾಡಿಕೊಡಿ ಎಂದು ಅದರ ಯಜಮಾನರು ಕೇಳಿದರು. ಹೊರಮುಖದಲ್ಲಿ ಒಂದು ಗೀರಿಲ್ಲ, ಫಳಫಳ ಹೊಳೆಯುತ್ತಿತ್ತು. ಯಂತ್ರಕ್ಕೆ ಏರಿಸಿ ತಿರುಗಿಸಿದಾಗ ಒಳಗಿನ ಅಂಚು ಒಂದು ಕಡೆ ಚಪ್ಪಟೆಯಾಗಿ ಓಲಾಡುವುದು ಕಂಡಿತು. ಅದೇ ಜಾಗದಲ್ಲಿ ಟೈರಿನ ಒಳಬದಿಗೆ ಅರ್ಧ ನಿಂಬೆಹಣ್ಣಿನಷ್ಟು ಉಬ್ಬು. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸೈಡ್‌ವಾಲ್ ಸಿಕ್ಕಿ ಒಳಗಿನ ದಾರಗಳು ತುಂಡಾದಾಗ ಗಾಳಿ ಹೀಗೆ ರಬ್ಬರನ್ನು ಹೊರಗೆ ತಳ್ಳುತ್ತದೆ. ಇದಕ್ಕೆ ಪಂಚರ್ ಹಾಕಲು ಬರುವುದಿಲ್ಲ, ಟೈರನ್ನು ಎಸೆಯುವುದೊಂದೇ ದಾರಿ. ನಿಮ್ಮದು ಕ್ವಾಟ್ರೊ, ಎಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಕಾರು, ಆದ್ದರಿಂದ ನಾಲ್ಕೂ ಟೈರುಗಳ ಸುತ್ತಳತೆ ಹೆಚ್ಚುಕಡಿಮೆ ಒಂದೇ ಇರಬೇಕು. ಉಳಿದವು ಸವೆದಿದ್ದರೆ ಒಂದಕ್ಕಾಗಿ ಅವನ್ನೂ ಬದಲಿಸಬೇಕಾದೀತು. ಮೇಟಗಳ್ಳಿಯ ವಿಕ್ರಾಂತ್ ಟೈರ್ ಕಾರ್ಖಾನೆಯಿಂದಾಗಿ ಟೈರಿನ ಊರು ಎನಿಸಿಕೊಳ್ಳಬಹುದಾದ ಮೈಸೂರಿನಲ್ಲೂ 255/30 ಆರ್20 ಬೇಕೆಂದರೆ ನಾವು ಬೆಂಗಳೂರಿಗೆ ಫೋನ್ ಮಾಡುತ್ತೇವೆ. ಅದು ಬರುವ ತನಕ ಕಾರು ಮನೆಯಲ್ಲೇ.

ತೂಕದ ಮಾತು ಬಹಳ ಮಂದಿ ಎತ್ತುತ್ತಾರೆ. ರಿಮ್ಮಿನ ಅಂಚಿನಲ್ಲಿರುವ ತೂಕವನ್ನು ಎಂಜಿನ್ ಮುಂದಕ್ಕೂ ಎಳೆಯಬೇಕು, ಸುತ್ತಿಸಲೂ ಬೇಕು. ವೇಗ ಹಿಡಿಯುವಾಗ ಅಲ್ಲಿನ ಒಂದು ಕಿಲೋ ಹತ್ತಿರ ಹತ್ತಿರ ಎರಡು ಕಿಲೋ ಆಗುತ್ತದೆ. ಚಕ್ರವೊಂದಕ್ಕೆ 3 ಕಿಲೋ ಹೆಚ್ಚಿತು ಎನ್ನಿ, ನಾಲ್ಕಕ್ಕೂ ಸೇರಿ ಎಂಜಿನ್ನಿಗೆ ಬೀಳುವ ಹೊರೆ ಹೆಚ್ಚೆಂದರೆ 24 ಕಿಲೋ. ಪಕ್ಕದ ಸೀಟಿನಲ್ಲಿ ಸ್ನೇಹಿತರೊಬ್ಬರು ಕುಳಿತರೆ ಅದಕ್ಕಿಂತ ಹೆಚ್ಚಾಯಿತು. ಹಾಗಾಗಿ ಪಿಕಪ್ ಸತ್ತೇಹೋಗುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ನಿಜವಾದ ಪೆಟ್ಟು ಹಿಡಿತಕ್ಕೆ. ಉಬ್ಬಿನ ಮೇಲೆ ಪುಟಿದ ಭಾರದ ಚಕ್ರವನ್ನು ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇಗ ನೆಲಕ್ಕೆ ತರಲಾರವು. ತಿರುವಿನಲ್ಲಿ ರಸ್ತೆ ಒರಟಾಗಿದ್ದರೆ, ಟೈರ್ ನೆಲಕ್ಕೆ ಅಂಟಿಕೊಂಡಿರಬೇಕಾದ ಹೊತ್ತಿಗೇ ಅದು ಕುಪ್ಪಳಿಸುತ್ತಿರುತ್ತದೆ. ಸ್ಪೋರ್ಟ್ಸ್ ಕಾರು ಕೊಂಡಿದ್ದು ಆ ತಿರುವಿಗಾಗಿಯೇ ಅಲ್ಲವೇ?

ಆಡಿಯವರೇ ಟಿಟಿಯ ಹೆಚ್ಚು ಶಕ್ತಿಯ ಮಾದರಿ ಟಿಟಿ ಆರ್‌ಎಸ್‌ಗೆ 20 ಇಂಚು ಕೊಡುತ್ತಿದ್ದರಲ್ಲ ಎಂದು ನೀವು ಕೇಳಬಹುದು. ಕೊಡುತ್ತಿದ್ದರು. ಆ ಕಾರಿಗೆ ದೊಡ್ಡ ಬ್ರೇಕ್ ಡಿಸ್ಕ್ ಇದೆ, ಸಸ್ಪೆನ್ಷನ್ನನ್ನೂ ಅದಕ್ಕೆ ತಕ್ಕಂತೆ ಹೊಂದಿಸಿದ್ದಾರೆ. ನಿಮ್ಮ ಡಿಸ್ಕ್ ಅಷ್ಟೇ ಇದ್ದು ಸುತ್ತಲಿನ ರಿಮ್ಮು ಮಾತ್ರ ಬೆಳೆದರೆ ನಡುವೆ ಖಾಲಿ ಜಾಗ ಕಾಣುತ್ತದೆ. ನೋಟಕ್ಕೂ ಅದು ಚೆನ್ನಾಗಿರುವುದಿಲ್ಲ.

ಇನ್ನೊಂದು ಸಲಹೆ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ: 'ಪ್ರೊಫೈಲ್ (ರಬ್ಬರಿನ ಎತ್ತರದ ಶೇಕಡಾವಾರು) 40 ಆಗಿಯೇ ಇರಲಿ, 245/40 ಆರ್20 ಹಾಕಿ, ಸವಾರಿ ಮೆತ್ತಗಿರುತ್ತದೆ.' ಇದನ್ನಂತೂ ಕೇಳಬೇಡಿ. ವ್ಯಾಸ 704 ಮಿ.ಮೀ. ಆಗುತ್ತದೆ, ಸುಮಾರು ಶೇ 8 ಹೆಚ್ಚು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜುತ್ತದೆ. ಕಾರಿನ ಲೆಕ್ಕದಲ್ಲಿ 100 ಇದ್ದಾಗ ನೆಲದ ಲೆಕ್ಕದಲ್ಲಿ ಸುಮಾರು 108. ಸ್ಪೀಡೋಮೀಟರ್ ತುಸು ಹೆಚ್ಚೇ ತೋರಿಸುವಂತೆ ಕಂಪನಿಯವರು ಬಿಟ್ಟಿರುವ ಅಂತರವನ್ನು ಇದು ನುಂಗಿಹಾಕುತ್ತದೆ. ದಶಪಥದಲ್ಲಿ ಕಾರಿನ ಮಿತಿ 100, ಮೇಲೆ ಕ್ಯಾಮೆರಾ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ತಯಾರಕರು ನಿಗದಿಪಡಿಸಿದ ವಿವರಗಳು ಬದಲಾಗುವಂಥ ಮಾರ್ಪಾಡನ್ನು ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಏನೇ ಹಾಕಿಸಿದರೂ ವಿಮೆಯವರಿಗೆ ಮೊದಲೇ ಬರೆದು ತಿಳಿಸಿ.

ಆದರೂ ಮನಸ್ಸು ತಡೆಯದಿದ್ದರೆ 19ಕ್ಕೆ ನಿಲ್ಲಿಸಿ, ಟೈರ್ 255/35. ರಬ್ಬರ್ 89 ಮಿ.ಮೀ. ಉಳಿಯುತ್ತದೆ. ಪಿಸಿಡಿ 5×112 (112 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ಬೋಲ್ಟ್) ಎಂದಷ್ಟೇ ನೋಡಿ ರಿಮ್ಮು ತರಬೇಡಿ. ಚಕ್ರ ಕೂರುವ ನಡುಭಾಗ, ಎಂದರೆ ಹಬ್, ನಿಮ್ಮದು 57.1 ಮಿ.ಮೀ., ಮಾರುಕಟ್ಟೆಯ ಎಷ್ಟೋ ರಿಮ್ಮುಗಳ ನಡುರಂಧ್ರ 66.6. ಆ ಅಂತರ ತುಂಬುವ ಹಬ್ ರಿಂಗ್ ಇಲ್ಲದೆ ಕೂರಿಸಿದರೆ ಎಷ್ಟು ಬ್ಯಾಲೆನ್ಸಿಂಗ್ ಮಾಡಿದರೂ ನಡುಕ ಹೋಗುವುದಿಲ್ಲ. ಆಫ್‌ಸೆಟ್ (ರಿಮ್ಮು ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಎಂಬ ಅಳತೆ) ಮತ್ತು ಲೋಡ್ ಇಂಡೆಕ್ಸನ್ನು (ಟೈರ್ ಹೊರಬಲ್ಲ ಭಾರದ ಸಂಖ್ಯೆ) ಹಳೆಯದರೊಂದಿಗೆ ಹೋಲಿಸಿಕೊಳ್ಳಿ.

ಅದಕ್ಕೂ ಮೊದಲು ಈಗಿರುವ ಟೈರುಗಳ ಪಕ್ಕದಲ್ಲಿ ಡಿಓಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2318 ಎಂದಿದ್ದರೆ 2018ನೇ ವರ್ಷದ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚಿರುತ್ತದೆ. ಟೈರಿನ ಕಚ್ಚು ಹೊಸದರಂತಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಹಾಗಿದ್ದರೆ ಅಲಾಯ್‌ಗೆ ಇಟ್ಟ ದುಡ್ಡಿನಲ್ಲಿ ಇದೇ 18ರ ಅಳತೆಗೆ ನಾಲ್ಕು ಒಳ್ಳೆಯ ಟೈರ್ ಹಾಕಿಸಿ.