ಓದುಗರ ಪ್ರಶ್ನೆ: 150ರೊಳಗಿನ ಯೂನಿವರ್ಸಿಟಿಯೋ, 400ರ ಆಚೆಯದೋ?

ಪ್ರಶ್ನೆ: ಮಗಳಿಗೆ ಮಾಸ್ಟರ್ಸ್ ಓದಲು ಎರಡು ಕಡೆ ಸೀಟು ಸಿಕ್ಕಿದೆ. ಒಂದು ಬ್ರಿಟನ್, ಕ್ಯೂಎಸ್ ಪಟ್ಟಿಯಲ್ಲಿ 150ರೊಳಗಿದೆ. ಇನ್ನೊಂದು ಜರ್ಮನಿ, 400ರ ಆಚೆ. ಕನ್ಸಲ್ಟೆನ್ಸಿಯವರು ಬ್ರಿಟನ್ನೇ ಆಗಬೇಕು ಅಂತಾರೆ. ಈ ರ‍್ಯಾಂಕ್‌ಗಳನ್ನು ಎಷ್ಟು ನಂಬಬಹುದು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕನ್ಸಲ್ಟೆನ್ಸಿಗೆ ಕಮಿಷನ್ ಯಾವ ಕಡೆಯಿಂದ ಬರುತ್ತದೆ ಅಂತ ಮೊದಲು ಕೇಳಿಬಿಡಿ. ಆಮೇಲೆ ರ‍್ಯಾಂಕ್ ಮಾತು.

ಈ ಪಟ್ಟಿಗಳು ಹುಟ್ಟಿದ್ದು ನಿಮ್ಮ ಮಗಳಂಥವರಿಗಾಗಿ ಅಲ್ಲವೇ ಅಲ್ಲ. 2003ರಲ್ಲಿ ಶಾಂಘೈ ಜಿಯಾವೊ ಟಾಂಗ್ ವಿಶ್ವವಿದ್ಯಾಲಯದವರು ಮೊದಲ ಪಟ್ಟಿ ತಂದಾಗ, ಅವರಿಗೆ ಬೇಕಿದ್ದದ್ದು ಚೀನಾದ ವಿಶ್ವವಿದ್ಯಾಲಯಗಳು ಜಗತ್ತಿನ ದೊಡ್ಡವುಗಳಿಗಿಂತ ಎಷ್ಟು ಹಿಂದಿವೆ ಅನ್ನೋ ಲೆಕ್ಕ. ಅದಕ್ಕೇ ನೊಬೆಲ್ ಎಷ್ಟು, ಗಣಿತದ ಫೀಲ್ಡ್ಸ್ ಪದಕ ಎಷ್ಟು, ನೇಚರ್ ಮತ್ತು ಸೈನ್ಸ್ ಅನ್ನೋ ವಿಜ್ಞಾನ ಪತ್ರಿಕೆಗಳಲ್ಲಿ ಎಷ್ಟು ಪ್ರಬಂಧ ಬಂದಿವೆ ಅಂತ ಎಣಿಸಿದರು. ತರಗತಿಯಲ್ಲಿ ಪಾಠ ಹೇಗಿದೆ ಅಂತ ಯಾರೂ ಹೋಗಿ ನೋಡಲಿಲ್ಲ.

ಮರುವರ್ಷ ಬ್ರಿಟನ್ನಿನ ಟೈಮ್ಸ್ ಹೈಯರ್ ಎಜುಕೇಷನ್ ಪತ್ರಿಕೆ ಮತ್ತು ಕ್ಯೂಎಸ್ ಸೇರಿ ಇನ್ನೊಂದು ಪಟ್ಟಿ ಶುರು ಮಾಡಿದರು. 2010ಕ್ಕೆ ಬೇರೆಯಾದರು, ಪಟ್ಟಿ ಎರಡಾಯಿತು. ಕ್ಯೂಎಸ್ ಪಕ್ಕಾ ವ್ಯಾಪಾರಿ ಕಂಪನಿ. ವಿಶ್ವವಿದ್ಯಾಲಯಗಳಿಂದಲೇ ದುಡ್ಡು ತಗೊಂಡು ಸ್ಟಾರ್ ರೇಟಿಂಗ್ ಕೊಡುವ ಕೆಲಸವನ್ನೂ ಮಾಡುತ್ತದೆ. ಅದರ 100 ಅಂಕದಲ್ಲಿ ಬಹಳ ವರ್ಷ 40 ಹೋಗುತ್ತಿದ್ದದ್ದು ಪ್ರೊಫೆಸರ್‌ಗಳ ಅಭಿಪ್ರಾಯಕ್ಕೆ, 10 ಕಂಪನಿಗಳ ಅಭಿಪ್ರಾಯಕ್ಕೆ. 2023ರಲ್ಲಿ ಅದನ್ನು 30 ಮತ್ತು 15 ಮಾಡಿದರು. ಅಂದರೆ ಈಗಲೂ ಅರ್ಧದ ಹತ್ತಿರ ಬರೀ ಹೆಸರಿನ ಮೇಲೆ. ಹೀಗೆ ಕೇಳಿದರೆ ಹಳೇ ದೊಡ್ಡ ಹೆಸರುಗಳೇ ಮುಂದೆ ಬರುತ್ತವೆ, ಅಲ್ವಾ?

ಜರ್ಮನಿಗೆ ಇನ್ನೊಂದು ಪೆಟ್ಟು ಇದೆ. ಅಲ್ಲಿ ಒಳ್ಳೆಯ ಸಂಶೋಧನೆ ಬೇಕಾದಷ್ಟು ನಡೆಯುವುದು ಮ್ಯಾಕ್ಸ್ ಪ್ಲಾಂಕ್‌ನಂಥ ಪ್ರತ್ಯೇಕ ಸಂಸ್ಥೆಗಳಲ್ಲಿ, ಹಾಗಾಗಿ ಆ ಕೀರ್ತಿ ವಿಶ್ವವಿದ್ಯಾಲಯಗಳ ಖಾತೆಗೆ ಪೂರ್ತಿ ಸೇರುವುದಿಲ್ಲ. ಜರ್ಮನರದ್ದೇ ಸಿಎಚ್ಇ ಅನ್ನೋ ಪಟ್ಟಿ ಇದೆ, 1998ರಿಂದ. ಅದು ಒಂದು, ಎರಡು ಅಂತ ನಂಬರ್ ಕೊಡುವುದಿಲ್ಲ. ಒಂದೊಂದು ವಿಷಯಕ್ಕೂ ಬೇರೆ ಬೇರೆಯಾಗಿ ಗುಂಪು ಮಾಡಿ ತೋರಿಸುತ್ತದೆ. ಮಗಳ ವಿಷಯ ಅದರಲ್ಲಿದ್ದರೆ ನೋಡಿ.

ಹಾಗಂತ ರ‍್ಯಾಂಕ್ ಸುಮ್ನೆ ಕಾಗದ ಅನ್ನಲಾರೆ. ವೀಸಾ ಕಚೇರಿಗಳು ಅದನ್ನು ಹಿಡಿದುಕೊಂಡಿವೆ. 2022ರಲ್ಲಿ ಬ್ರಿಟನ್ ಒಂದು ವೀಸಾ ತಂದಿತು, ಅದು ಬ್ರಿಟನ್ನಿನ ಹೊರಗೆ ಓದಿದವರಿಗೆ. ಮೇಲೆ ಹೇಳಿದ ಮೂರು ಜಾಗತಿಕ ಪಟ್ಟಿಗಳಲ್ಲಿ ಎರಡರಲ್ಲಾದರೂ ಮೊದಲ 50ರೊಳಗಿನ ಕಡೆ ಓದಿರಬೇಕು ಅನ್ನೋದು ಆಗಿನ ನಿಯಮ. ಆದರೆ ನಿಮ್ಮ ಮಗಳು ಬ್ರಿಟನ್ನಿನಲ್ಲೇ ಓದಿದರೆ, ಓದು ಮುಗಿದ ಮೇಲೂ ಅಲ್ಲೇ ಉಳಿದು ಕೆಲಸ ಮಾಡಲು ಸಿಗುವ ಗ್ರಾಜುಯೇಟ್ ವೀಸಾಗೆ ರ‍್ಯಾಂಕ್ ಲೆಕ್ಕಕ್ಕಿಲ್ಲ. ಅಲ್ಲಿಗೆ 150ರ ಲಾಭ ಏನು?

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ತಗೊಳ್ಳುವುದಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಮಾತ್ರ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ಹಾಕಿದೆ. ಸಾಲ ಮಾಡಿ ಕಳಿಸುವುದಾದರೆ ನನ್ನ ಓಟು ಜರ್ಮನಿಗೆ. ಭಾಷೆ ಮಾತ್ರ ಈಗಿಂದಲೇ ಕಲಿಯಲು ಹೇಳಿ, ಕೆಲಸ ಹುಡುಕುವಾಗ ಕಷ್ಟ ಬರುವುದು ಅಲ್ಲೇ.

ಪ್ರಶ್ನೆ: ನಮ್ಮ ಬೆಂಗಳೂರಿನ ಐಐಎಸ್‌ಸಿ ಯಾಕೆ ಮೊದಲ ನೂರರಲ್ಲಿ ಬರುವುದಿಲ್ಲ?
– ಹಾಸನದ ವಿದ್ಯಾರ್ಥಿ

ಉತ್ತರ: 2021ರಲ್ಲಿ ಬಂದ ಕ್ಯೂಎಸ್ ಪಟ್ಟಿಯಲ್ಲಿ, ಒಬ್ಬೊಬ್ಬ ಅಧ್ಯಾಪಕರ ಸಂಶೋಧನೆಯನ್ನು ಬೇರೆಯವರು ಎಷ್ಟು ಉಲ್ಲೇಖಿಸಿದ್ದಾರೆ ಅನ್ನೋ ಅಂಕದಲ್ಲಿ ಐಐಎಸ್‌ಸಿ 100ಕ್ಕೆ 100 ತೆಗೆದು ಜಗತ್ತಿಗೇ ಮೊದಲಾಯಿತು. ಒಟ್ಟು ರ‍್ಯಾಂಕ್ 186! ವಿದೇಶಿ ವಿದ್ಯಾರ್ಥಿಗಳು ಕಡಿಮೆ, ವಿದೇಶಿ ಅಧ್ಯಾಪಕರೂ ಕಡಿಮೆ, ಅದಕ್ಕೆಲ್ಲ ಅಂಕ ಹೋಗುತ್ತದೆ. ಏಳು ಹಳೇ ಐಐಟಿಗಳಂತೂ ಲೆಕ್ಕ ಹಾಕುವ ರೀತಿಯೇ ಪಾರದರ್ಶಕವಾಗಿಲ್ಲ ಅಂತ 2020ರಲ್ಲಿ ಟೈಮ್ಸ್ ಪಟ್ಟಿಯಿಂದ ದೂರ ನಿಂತವು.